ಯೆರ್ಕೊ ಸುಟ್ಟ ಸುಣ್ಣ

ಯೆರ್ಕೊನ ಸುಣ್ಣದ ಗೂಡಿಗೆ ಕಂಟಕ ಬಂದದ್ದು ಕಾಟೆ ಅತ್ತೆಯ ಕಡಲೆಕಾಳಿನ ರೂಪದಲ್ಲಿ.

ಗೂಡು ಹೊತ್ತಿಸಿ ಅದು ಐದನೆಯ ಬೆಳಗು. ನಲವತ್ತಾರರ ಬ್ರಹ್ಮಚಾರಿ ಯೆರ್ಕೊ ಅಷ್ಟು ದಿನವೂ ರೆಪ್ಪೆ ಮುಚ್ಚಿರಲಿಲ್ಲ. ಕಾರಣ, ವಿಧವೆ ದೊಮಿನಾ. ಆ ದ್ವೀಪದಲ್ಲಿ ಬಾವಿಗಳಿಲ್ಲ. ಮನೆಯ ಮೇಲಿನ ಚಪ್ಪಡಿಕಲ್ಲಿನ ಮಾಡಿಗೆ ಸುಣ್ಣ ಬಳಿದರೆ ಮಾತ್ರ ಮಳೆನೀರು ಶುದ್ಧವಾಗಿ ತೊಟ್ಟಿಗಿಳಿಯುತ್ತದೆ. "ಮಳೆಗೆ ಮುಂಚೆ ನನ್ನ ಮಾಡಿಗೆ ನೀನು ಸುಣ್ಣ ಕೊಡು. ಆಮೇಲೆ ನಿನ್ನ ಮನೆಗೆ ಬರೋ ಮಾತು" ಎಂದಿದ್ದಳು ಅವಳು.

ಯೆರ್ಕೊಗೆ ಅಷ್ಟೇ ಸಾಕಾಯಿತು. ತೀರಿಹೋದ ಅಪ್ಪನ ದೋಣಿಯನ್ನು ಬಿಚ್ಚಿ, ಡಾಂಬರು ಕುಡಿದ ಹಲಗೆಗಳಿಂದ ಇಬ್ಬರು ಮಲಗುವ ಮಂಚ ಮಾಡಿದ್ದ. ತಲೆದಿಕ್ಕಿನ ಹಲಗೆಗೆ ಒಂದು ಜೋಡಿ ಪಾರಿವಾಳವನ್ನೂ ಕೆತ್ತಿದ್ದ. ಊರಿಗೆ ಗೊತ್ತಾದರೆ ನಗುತ್ತಾರೆಂದು, ಜೋಡಿಸದೆ, ಬಿಡಿಬಿಡಿಯಾಗಿ ಗೂಡಿನ ಪಕ್ಕದ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ.

"ಅತ್ತೆ, ಗೂಡಿನ ಬಾಯಿಗೆ ಪಾತ್ರೆ ಇಡಬೇಡಿ. ಸೌದೆ ಹಾಕೋಕಾಗಲ್ಲ."

"ನೀನು ಬೇಯಿಸ್ತಿರೋದು ಕಲ್ಲು. ಅದಕ್ಕೇನು ಅವಸರ? ಮನೇಲಿ ನಿಮ್ಮ ಮಾವ ಹಸ್ಕೊಂಡು ಕೂತಿದಾರೆ."

ಕಡಲೆ ಬೇಯಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ಕಾದಿದ್ದ ಉರಿ ತಣಿದು ಕೆಂಪಿಗಿಳಿದಿತ್ತು.

ಆಮೇಲೆ ಪಕ್ಕದ ಮನೆಯ ರೊಕೊ ಬಂದ. ಗೂಡಿಗೆ ಯಾರು ಸೌದೆ ಹಾಕುತ್ತಾರೋ ಸುಣ್ಣದಲ್ಲಿ ಅವರಿಗೆ ಪಾಲು ಎಂಬುದು ದ್ವೀಪದ ಕಟ್ಟಳೆ. ರೊಕೊ ತಂದದ್ದು ಇಬ್ಬನಿಯಲ್ಲಿ ನೆಂದ ಪೊದೆಯ ಹೊರೆ. ಯೆರ್ಕೊ ಬೇಡವೆನ್ನುವಷ್ಟರಲ್ಲಿ ಅದು ಒಳಗಿತ್ತು. ಗೂಡು ಹಳೇ ಹುಕ್ಕಾ ಸೇದುವ ಮುದುಕನಂತೆ ಕೆಮ್ಮಿ, ಹೊಗೆಯುಗುಳಿ, ಇನ್ನಷ್ಟು ತಣಿದು ಕಡುಗೆಂಪಾಯಿತು. ಯೆರ್ಕೊನ ಒಣ ಸೌದೆ ಆಗಲೇ ಖಾಲಿ.

ಹೊಗೆ ನೋಡಿ ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು ಶಿಮುನ್ ಬಂದರು. ಯೆರ್ಕೊನನ್ನು ಹಿಡಿದು ಕೂರಿಸಿದರು.

"ನೋಡಪ್ಪ, ಸುಣ್ಣದಕಲ್ಲು ಒಳಗೊಂದು ಅನಿಲ ಹಿಡ್ಕೊಂಡಿರುತ್ತೆ. ಏಳುನೂರು ಡಿಗ್ರೀಲಿ ಎಷ್ಟು ದಿನ ಉರಿಸಿದ್ರೂ ಬಿಟ್ಟುಕೊಡೋ ಮನಸ್ಸು ಮಾಡಲ್ಲ. ಒಂಬೈನೂರು ದಾಟಲಿ, ಯಾರೂ ಕೇಳೋದೇ ಬೇಡ, ತಾನಾಗೇ ಬಿಡುತ್ತೆ."

"ನಮ್ಮ ದೊಮಿನಾ ಥರ" ಅಂದ ರೊಕೊ.

"ಆದರೆ ತಣ್ಣಗಾದ ಮೇಲೆ ಗೋಡೆಗೆ ಬಳಿ, ಅದೇ ಅನಿಲಾನ ಗಾಳಿಯಿಂದ ವಾಪಸ್ ಎಳ್ಕೊಂಡು ಮತ್ತೆ ಕಲ್ಲಾಗುತ್ತೆ. ಅದೂ ತಾನಾಗೇ. ಬಿಸೀಲಿ ಒಂದು ಮನಸ್ಸು, ತಂಪಲ್ಲಿ ಇನ್ನೊಂದು. ಇದಕ್ಕೊಂದು ಸೂತ್ರ ಇದೆ. ಮೊದಲನೇ ಪದ ತಗೋ..."

ಎರಡನೆಯ ಪದಕ್ಕೆ ಬರುವಷ್ಟರಲ್ಲಿ ಯೆರ್ಕೊ ಕೂತಲ್ಲೇ ನಿದ್ದೆಹೋಗಿದ್ದ.

ಎದ್ದಾಗ ಬಿಸಿಲು ಕಡಲಿನ ಕಡೆಗೆ ವಾಲಿತ್ತು. ಗೂಡಿನ ಬಾಯಿ ಮಾಗಿದ ಕಿತ್ತಳೆ. ಹೊಗೆ ತಿಳಿಯಾಗಿ, ಮೇಲಿನ ಕಲ್ಲುಗುಡ್ಡೆ ಒಂದು ಗೇಣು ಕುಸಿದಿತ್ತು. ಕಲ್ಲು ಸುಣ್ಣವಾಯಿತೆನ್ನುವುದಕ್ಕೆ ಬೇರೆ ಗುರುತು ಬೇಕಿಲ್ಲ. ಪಕ್ಕದಲ್ಲಿ ದೊಮಿನಾ ಕೊಡಲಿ ಊರಿ ನಿಂತು ಬೆವರೊರೆಸಿಕೊಳ್ಳುತ್ತಿದ್ದಳು.

"ಸೌದೆ ಎಲ್ಲಿತ್ತು?" ಯೆರ್ಕೊ ಕೇಳಿದ.

"ನೀನು ಗೊರಕೆ ಹೊಡೀತಿದ್ದೆ, ಉರಿ ಸಾಯ್ತಿತ್ತು. ಮೇಷ್ಟ್ರು ಇನ್ನೂ ಪಾಠ ಮಾಡ್ತಾನೇ ಇದ್ರು. ಕೊಟ್ಟಿಗೇಲಿ ನಿಮ್ಮಪ್ಪನ ದೋಣಿ ಹಲಗೆ ಬಿದ್ದಿದ್ವಲ್ಲ."

ಯೆರ್ಕೊ ಕೊಟ್ಟಿಗೆಯೊಳಗೆ ಇಣುಕಿದ. "ಎಲ್ಲಾನೂ ಹಾಕಿದ್ಯಾ?"

"ಎಲ್ಲಾನೂ. ಒಂದರ ಮೇಲೆ ಯಾರೋ ಎರಡು ಕೋಳಿ ಕೆತ್ತಿದ್ರು."

"ಕಟ್ಟಳೆ ಪ್ರಕಾರ ಗೂಡು ಉಳಿಸಿದವಳಿಗೆ ದೊಡ್ಡ ಪಾಲು" ಎಂದು ರೊಕೊ ತೀರ್ಪು ಕೊಟ್ಟ. "ನನ್ನದೂ ಒಂದು ಬುಟ್ಟಿ ಇದೆ."

"ಹಾಗಾದ್ರೆ ನನ್ನ ಮಾಡಿನ ಸುಣ್ಣ ನಾನೇ ಸುಟ್ಕೊಂಡೆ" ಎಂದಳು ದೊಮಿನಾ. "ನೀನು ಕೊಟ್ಟ ಹಾಗಾಗಲಿಲ್ಲ." ಯೆರ್ಕೊನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿತು. "ಹೋಗ್ಲಿ, ಆ ಮಾತು ಬಿಡೋಣ. ಸುಲಭದ್ದು ಒಂದು ಹೇಳ್ತೀನಿ. ನೀನು ಮನೇಲಿ ಬಲೆ ರಾಶಿ ಮೇಲೆ ಮಲಗ್ತೀಯಂತೆ. ಒಂದು ಒಳ್ಳೇ ಮಂಚ ಮಾಡು. ಅವತ್ತೇ ಬರ್ತೀನಿ."

ಯೆರ್ಕೊ ಗೂಡಿನೊಳಗೆ ಬಗ್ಗಿ ನೋಡಿದ.

"ಎಂಥಾ ಮರದ್ದು ಬೇಕು?"

"ಆ ಹಲಗೆ ಇದ್ವಲ್ಲ, ಅಂಥದ್ದೇ" ಎಂದಳು ದೊಮಿನಾ, ಅಕ್ಕರೆಯಿಂದ. "ಎಂಥಾ ಗಟ್ಟಿ ಅಂತೀಯ, ಸೀಳೋಷ್ಟರಲ್ಲಿ ನನ್ನ ಕೈ ಬಿದ್ದುಹೋಯ್ತು."