ಇಂಗ್ಲೆಂಡಿನ ರಾಣಿ ಮತ್ತು ನಮ್ಮ ಹಗ್ಗದಂಗಡಿ

ನನಗೊಬ್ಬ ಸವತಿ ಇದ್ದಾಳೆ ಎಂದ ಕೂಡಲೇ ನೀವು ನನ್ನ ಗಂಡನ ನಡತೆಯ ಮೇಲೆ ಅನುಮಾನ ಪಡಬೇಡಿ. ಬಡಪಾಯಿ, ಕೊಟ್ಟೂರಿನ ಬಜಾರದಲ್ಲಿ ಹಗ್ಗ, ಕಣ್ಣಿ, ಬಾರುಕೋಲು, ಮೊಳೆ ಮಾರಿಕೊಂಡು, ಹೊತ್ತಿಗೆ ಸರಿಯಾಗಿ ಹಣೆಗೆ ವಿಭೂತಿ ಹಚ್ಚಿಕೊಂಡು ಉಣ್ಣಲು ಕೂರುವ ಮನುಷ್ಯ. ಹೆಂಗಸರು ಅಂಗಡಿಗೆ ಬಂದರೆ ಅವರ ಮುಖ ನೋಡಲೂ ನಾಚಿ, ಹಗ್ಗದ ಸಿಂಬೆಯನ್ನು ನೋಡುತ್ತಾ ದರ ಹೇಳುತ್ತಾರೆ. ಇಂಥವರ ಮನಸ್ಸು ಕದ್ದವಳು ಯಾರು ಗೊತ್ತೇ? ಇಂಗ್ಲೆಂಡಿನ ರಾಣಿ! ಈಗಿನವಳಲ್ಲ, ಎಂಟುನೂರು ವರ್ಷಗಳ ಹಿಂದಿನವಳು. ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಹೇಳಬಾರದು ಅಂತ ನಮ್ಮವ್ವ ಕಲಿಸಿದಳು; ಸವತಿಯ ಹೆಸರು ಹೇಳಬಾರದು ಅಂತ ನಾನೇ ಕಲಿತುಕೊಂಡೆ.

ಇದೆಲ್ಲ ಶುರುವಾದದ್ದು ರದ್ದಿಯಿಂದ. ಆಗ ತೊಂಬತ್ತರ ದಶಕ. ಪ್ಲಾಸ್ಟಿಕ್ ಚೀಲದ ಹಾವಳಿ ನಮ್ಮ ಕಡೆ ಇನ್ನೂ ಅಷ್ಟಿರಲಿಲ್ಲ. ಮೊಳೆ, ಕೊಂಡಿ, ಸ್ಕ್ರೂ ಕಟ್ಟಿಕೊಡಲು ನಮ್ಮವರು ಹಳೆ ಕಾಗದವನ್ನು ತೂಕಕ್ಕೆ ತರುತ್ತಿದ್ದರು. ಒಂದು ಸಲ ಆ ರಾಶಿಯಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಬಂತು. ಮುಖಪುಟವಿಲ್ಲ, ಬರೆದವರ ಹೆಸರಿಲ್ಲ. ಪುಸ್ತಕವನ್ನು ಯಾವಾಗಲೂ ಹಿಂದಿನಿಂದ ಹರಿಯುವುದು ನಮ್ಮವರ ಪದ್ಧತಿ. ಮುಂದಿನಿಂದ ಹರಿದರೆ ಸರಸ್ವತಿಗೆ ಅವಮಾನವಂತೆ. ಹಿಂದಿನಿಂದ ಹರಿದರೆ ಆಕೆಗೆ ಗೊತ್ತಾಗುವುದಿಲ್ಲವೇನೋ! ಹೀಗೆ ಹರಿದು ಹರಿದು ಸುತ್ತಲಿನ ಐದು ತಾಲ್ಲೂಕಿನ ರೈತರಿಗೆ ಮೊಳೆ ಕಟ್ಟಿಕೊಟ್ಟರು. ಆಮೇಲೊಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಪಿಯುಸಿವರೆಗೆ ಕಲಿತ ಇಂಗ್ಲಿಷಿಗೆ ಎಷ್ಟು ತುಕ್ಕು ಹಿಡಿದಿದೆ ನೋಡೋಣ ಅಂತ ಉಳಿದ ಪುಸ್ತಕದ ಮೊದಲ ಪುಟ ತೆಗೆದರು. ಅಂದು ಉಣ್ಣಲಿಕ್ಕೆ ಮೂರು ಸಲ ಕರೆದರೂ ಒಳಗೆ ಬರಲಿಲ್ಲ.

ಅದೊಂದು ಕಾದಂಬರಿ. ಒಬ್ಬ ರಾಜ, ಅವನಿಗೆ ಗಂಡುಮಕ್ಕಳು, ಗಂಡುಮಕ್ಕಳಿಗೆ ಸಿಂಹಾಸನದ ಆಸೆ. ರಾಜ ಬೇರೊಬ್ಬಳ ಹಿಂದೆ ಹೋದ. ರಾಣಿ ಸುಮ್ಮನಿರುವವಳಲ್ಲ. ಮಕ್ಕಳನ್ನು ಎತ್ತಿಕಟ್ಟಿ, ಪಾಳೇಗಾರರನ್ನೆಲ್ಲ ಕೂಡಿಸಿ, ಕಟ್ಟಿಕೊಂಡ ಗಂಡನ ಮೇಲೆಯೇ ದಂಗೆ ಎಬ್ಬಿಸಿದಳು. ಗಂಡಸರ ಬಟ್ಟೆ ತೊಟ್ಟು ಕುದುರೆ ಹತ್ತಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದಳು. ರಾಜ ಅವಳನ್ನು ಕೋಟೆಯಲ್ಲಿ ಕೂಡಿಹಾಕಿದ. ಅಲ್ಲಿಗೆ ನಮ್ಮ ಪುಸ್ತಕ ಖಲಾಸ್! ಮುಂದಿನದೆಲ್ಲ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಮನೆಮನೆಗಳಲ್ಲಿ ಮೊಳೆ ಸುತ್ತಿಕೊಂಡು ಕೂತಿತ್ತು.

ಓದಿ ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಇವರು ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಒಂದಿಷ್ಟು ಓದಿ, ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕತೆ ಹೇಳತೊಡಗಿದರು. ನನ್ನ ಜೊತೆ ದಿನಕ್ಕೆ ಆಡುವ ಮಾತು 'ಉಪ್ಪು ಕಡಿಮಿ ಆಗೈತಿ', 'ಚಿಲ್ರಿ ಐತೇನು' ಇಷ್ಟೇ. ಅಲ್ಲಿ ಹೊರಗೆ ಮಾತಿನ ಹೊಳೆ! ನಮ್ಮ ಮನೆಯ ಮುಂಭಾಗವೇ ಅಂಗಡಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಎಲ್ಲ ಕೇಳಿಸುತ್ತದೆ.

"ಆಕಿ ಕುದುರಿ ಮ್ಯಾಲ ಕುಂತ್ಲು ಅಂದ್ರ ಇಡೀ ಊರು ಕಣ್ಣು ಮಿಟಕಿಸ್ದಂಗ ನೋಡ್ತಿತ್ತು. ಏನು ಗತ್ತು! ಏನು ಧೈರ್ಯ!"

ಇದೇ ಮಹಾಶಯರು ನಾನು ಮೊಪೆಡ್ಡಿನ ಹಿಂದೆ ಕೂತಿದ್ದಾಗ ಹೇಳಿದ್ದೇನು? "ದಿಬ್ಬ ಬಂತು, ಕೆಳಗ ಇಳಿ. ಇಬ್ಬರನ್ನ ಎಳಿಯಂಗಿಲ್ಲ ಇದು." ರಾಣಿಗೆ ಕುದುರೆ, ನನಗೆ ನಡಿಗೆ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಿಬ್ಬ ಹತ್ತಿ ಬಂದಾಗ ಇವರು ಮೇಲೆ ನಿಂತು ದಿಗಂತ ನೋಡುತ್ತಿದ್ದರು. ಯಾರ ಧ್ಯಾನ ಅಂತ ಕೇಳುವ ಅಗತ್ಯವೇ ಇರಲಿಲ್ಲ.

ಕೇಳುಗರಲ್ಲಿ ಮುಖ್ಯರಾದವರು ಹರಪನಹಳ್ಳಿಯ ಒಬ್ಬ ಮುದಿ ವ್ಯಾಪಾರಿ. ವಾರಕ್ಕೊಮ್ಮೆ ಸಂತೆಗೆ ಬಂದವರು ಸರಕು ಕೊಳ್ಳುವುದನ್ನು ಮರೆತು ಕಟ್ಟೆಗೆ ಬಂದು ಕೂರುತ್ತಿದ್ದರು. ಅವರಿಗೆ ಇಂಗ್ಲೆಂಡಿನ ಪಾಳೇಗಾರರ ಮೇಲೆ ಬಹಳ ತಾತ್ಸಾರ.

"ಇದೂ ಒಂದು ದಂಗಿ ಏನ್ರಿ? ನಮ್ಮ ಹರಪನಹಳ್ಳಿ ಪಾಳೇಗಾರ್ರು ಇಂಥವು ಎಷ್ಟು ನೋಡಿದ್ರು! ಒಂದು ಮಾತು ನಮ್ಮೋರನ್ನ ಕೇಳಿದ್ರ ರಾಣಿ ಸಿಕ್ಕಿಬೀಳ್ತಿರ್ಲಿಲ್ಲ ಬಿಡ್ರಿ."

"ನಿಮ್ಮೋರು ಆವಾಗ ಹುಟ್ಟೇ ಇರ್ಲಿಲ್ಲ ಯಜಮಾನ್ರ."

"ಹುಟ್ಟಿರ್ಲಿಲ್ಲ ಅಂತನ ಆಕಿ ಸಿಕ್ಕಿಬಿದ್ದಾಳ!"

ಬಜಾರದಲ್ಲಿ ಎರಡು ಪಕ್ಷಗಳೇ ಆದವು. ರಾಜನ ಕಡೆಯವರು ಕೆಲವರು, ರಾಣಿಯ ಕಡೆಯವರು ಬಹಳ. ಎಣ್ಣೆ ಅಂಗಡಿಯವರು ರಾಜನ ಪಕ್ಷ ಅಂತ ನಮ್ಮವರು ಎಣ್ಣೆಯನ್ನು ಬೇರೆ ಅಂಗಡಿಯಿಂದ ತರಲು ಶುರುಮಾಡಿದರು. ಆ ಎಣ್ಣೆಯೋ, ಕರಿದ ಮಿರ್ಚಿಯೆಲ್ಲ ಕಮಟು ವಾಸನೆ. ಇಂಗ್ಲೆಂಡಿನ ಜಗಳದಲ್ಲಿ ನಮ್ಮ ಮನೆಯ ಮಿರ್ಚಿ ಕೆಟ್ಟಿತು, ಯಾರಿಗೆ ಹೇಳಲಿ?

ಒಂದು ಸಂಜೆ ರಾಣಿ ಸೆರೆಸಿಕ್ಕ ಭಾಗ ಹೇಳುತ್ತಾ, ಇವರು ಆವೇಶ ಬಂದು ಅಂಗಡಿಯ ಮೊಳೆಗೆ ನೇತುಹಾಕಿದ್ದ ಒಂದು ಹಗ್ಗವನ್ನು ಸೆಳೆದು, "ಇಂಥಾ ಹಗ್ಗದಾಗ ಆಕಿ ಕೈ ಕಟ್ಟಿದ್ರು ನೋಡ್ರಿ, ಇಂಥಾದ್ರಾಗ!" ಎಂದುಬಿಟ್ಟರು. ಮರುವಾರ ಚಿಗಟೇರಿಯಿಂದ ಬಂದ ರೈತನೊಬ್ಬ ಎಲ್ಲ ಹಗ್ಗವನ್ನೂ ಕೈಯಿಂದ ದೂಡಿ, "ಇವ್ಯಾವೂ ಬ್ಯಾಡ್ರಿ, ರಾಣಿ ಕಟ್ಟಿದ್ದು ಕೊಡ್ರಿ. ನಮ್ಮ ಹೋರಿ ಭಾಳ ಕಿಡಿಗೇಡಿ ಐತಿ" ಅಂದ. ಅಂದಿನಿಂದ ಆ ಹಗ್ಗಕ್ಕೆ ರಾಣಿ ಹಗ್ಗ ಅಂತಲೇ ಹೆಸರಾಯಿತು. ವ್ಯಾಪಾರ ಚೆನ್ನಾಯಿತು, ಒಪ್ಪುತ್ತೇನೆ. ಆದರೆ ನಾನು ಮದುವೆಯಾಗಿ ಬಂದ ಮೇಲೆ ಈ ಅಂಗಡಿಯ ಒಂದು ದಾರಕ್ಕಾದರೂ ನನ್ನ ಹೆಸರು ಬಂದಿತ್ತೇ? ಹೋಗಲಿ, ಒಂದು ಮೊಳೆಗೆ?

ನನ್ನ ಸಂಕಟವನ್ನು ಹಿಂದಿನ ಮನೆಯ ಅಕ್ಕನ ಹತ್ತಿರ ತೋಡಿಕೊಂಡೆ. ಆಕೆ ಹುಣಸೆ ಹಣ್ಣು ಬಿಡಿಸುತ್ತಾ ಎಲ್ಲ ಕೇಳಿ, "ಆಕಿ ಸತ್ತು ಎಷ್ಟು ವರ್ಷ ಆತು ಅಂದಿ?" ಎಂದಳು.

"ಎಂಟನೂರು."

"ಅಯ್ಯ ನಿನ್ನ! ಸತ್ತಾಕಿ ಮ್ಯಾಲ ಯಾರಾದ್ರೂ ಹೊಟ್ಟಿಕಿಚ್ಚು ಪಡ್ತಾರೇನ?"

"ಬದುಕಿದ್ರ ಚಿಂತಿ ಇರ್ಲಿಲ್ಲಕ್ಕ. ಜಡಿ ಹಿಡಿದು ಎಳಿತಿದ್ದೆ. ಇಕಿಗೆ ವಯಸ್ಸೂ ಆಗಂಗಿಲ್ಲ, ತಲಿನೂ ಬೆಳ್ಳಗ ಆಗಂಗಿಲ್ಲ. ನಾ ಏನು ಮಾಡ್ಲಿ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ನಿಜ ಹೇಳಲೇ? ನನಗೆ ಬೇಕಾದದ್ದು ಕುದುರೆಯೂ ಅಲ್ಲ, ಹಗ್ಗಕ್ಕೆ ಹೆಸರೂ ಅಲ್ಲ. ಊರವರಿಗೆಲ್ಲ ಹೇಳುವ ಆ ಕತೆಯನ್ನು ಈ ಮನುಷ್ಯ ಒಂದು ದಿನ ನನಗೆ ಹೇಳಲಿ, ಹೇಳಿ, 'ನಿನಗೇನು ಅನ್ನಿಸ್ತು?' ಅಂತ ಒಂದು ಮಾತು ಕೇಳಲಿ ಅಂತ ಆಸೆ. ಒಮ್ಮೆ ನಾನೇ ನಾಚಿಕೆ ಬಿಟ್ಟು, "ಆ ಪುಸ್ತಕದಾಗ ಅಂಥಾದ್ದು ಏನೈತ್ರಿ?" ಅಂದೆ. "ರಾಜಕಾರಣ. ನಿನಗ ತಿಳಿಯಂಗಿಲ್ಲ ಬಿಡು, ಸಾರು ಹಾಕು" ಅಂದರು. ಹಾಕಿದೆ. ತಣ್ಣಗಿದ್ದದ್ದನ್ನೇ ಹಾಕಿದೆ!

ಆಮೇಲೆ ಶುರುವಾಯಿತು ನೋಡಿ ಕಳೆದ ಪುಟಗಳ ಬೇಟೆ. ರಾಣಿ ಸೆರೆಯಲ್ಲೇ ಸತ್ತಳೋ, ಹೊರಗೆ ಬಂದಳೋ ತಿಳಿಯದೆ ಇವರಿಗೆ ಅನ್ನ ಸೇರದು. ಬಂದ ಗಿರಾಕಿಗಳನ್ನೆಲ್ಲ, "ನಾ ಮೊಳಿ ಕಟ್ಟಿಕೊಟ್ಟ ಕಾಗದ ಇಟ್ಟೀರೇನು?" ಅಂತ ಕೇಳತೊಡಗಿದರು. ಜನ ಪಾಪ, ಭಕ್ತಿಯಿಂದ ಸಿಕ್ಕಿದ್ದನ್ನೆಲ್ಲ ತಂದರು. ಕೂಡ್ಲಿಗಿಯಿಂದ ಹರಿದ ಪಂಚಾಂಗ ಬಂತು. ಹಗರಿಬೊಮ್ಮನಹಳ್ಳಿಯಿಂದ ಏಳನೇ ಇಯತ್ತೆಯ ಗಣಿತದ ಪ್ರಶ್ನೆಪತ್ರಿಕೆ ಬಂತು. ಒಬ್ಬ ಪುಣ್ಯಾತ್ಮ ತನ್ನ ಮನೆಯ ಬಾಗಿಲಿಗೆ ಹೊಡೆದಿದ್ದ ಮೊಳೆಗಳನ್ನೇ ಕಿತ್ತು ತಂದು, "ಕಾಗದ ಹೋಗೈತ್ರಿ, ಮೊಳಿ ಮಾತ್ರ ಅವ ಅದಾವು" ಅಂತ ಇವರ ಕೈಗೆ ಹಾಕಿದ. ಇವರು ಅವನ್ನೂ ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ!

ಆ ದಿನಗಳಲ್ಲೇ ನನಗೊಂದು ಸಲ ಜ್ವರ ಬಂದು ಮಲಗಿದೆ. ಇವರು ಮಾತ್ರೆ ತಂದುಕೊಟ್ಟರು, ಗಂಜಿ ಕಾಸಿದರು, ಎಲ್ಲ ಸರಿ. ಆದರೆ ಹಾಸಿಗೆಯ ಪಕ್ಕ ಕೂತವರು ನಿಟ್ಟುಸಿರು ಬಿಟ್ಟು ಅಂದದ್ದೇನು? "ಆ ಕೋಟ್ಯಾಗ ಚಳಿ ಭಾಳ ಇದ್ದಿರಬೇಕು. ಆಕಿಗೆ ಹೊದಿಯಾಕ ಏನು ಕೊಟ್ಟಿದ್ರೋ ಏನೋ." ನನ್ನ ಮೈ ಕೆಂಡದ ಹಾಗೆ ಸುಡುತ್ತಿತ್ತು. ನಾನು ಹೊದ್ದ ಕಂಬಳಿಯನ್ನು ತೆಗೆದು ಅವರ ಕಡೆ ಎಸೆದು, "ತಗೊಂಡು ಹೋಗಿ ಆಕಿಗೇ ಹೊದಿಸ್ರಿ!" ಎಂದೆ. ಅವರು ಕಂಬಳಿಯನ್ನು ಮತ್ತೆ ನನಗೇ ಹೊದಿಸಿದರು. ಜ್ವರದ ತಾಪಕ್ಕೆ ಹೀಗೆ ಮಾತಾಡುತ್ತಾಳೆ ಅಂದುಕೊಂಡರಂತೆ! ಹೊಟ್ಟೆಯ ಕಿಚ್ಚಿಗೆ ಯಾವ ಡಾಕ್ಟರು ಮಾತ್ರೆ ಬರೆದುಕೊಟ್ಟಾರು?

ಮಳೆಗಾಲ ಮುಗಿಯುವ ಹೊತ್ತಿಗೆ ಹಡಗಲಿ ಕಡೆಯ ಮಾಗಳದಿಂದ ಒಬ್ಬ ರೈತ ಬಂದ. ಹೊಳೆದಂಡೆಯಲ್ಲಿ ಪಂಪ್‌ಸೆಟ್ಟಿನ ಮನೆ ಇದೆಯಂತೆ, ಅದರ ಸಂದಿಯಲ್ಲಿ ಗಾಳಿ ಬರದಂತೆ ತುರುಕಿದ್ದ ಕಾಗದವನ್ನು ಬಿಡಿಸಿ ತಂದಿದ್ದ. ಎಣ್ಣೆ ಕುಡಿದು ಕಂದಿದ ಅರ್ಧ ಹಾಳೆ. ನಮ್ಮವರು ಅದನ್ನು ಬಿಸಿಲಿಗೆ ಹಿಡಿದು ನೋಡಿ ಕೂಗಿದ ಕೂಗಿಗೆ ನಾನು ಹಿಟ್ಟಿನ ಕೈಯಲ್ಲೇ ಬಾಗಿಲ ಹತ್ತಿರ ಓಡಿದೆ.

"ಅದ ಪುಸ್ತಕ! ಅದ!"

ಕಟ್ಟೆ ತುಂಬ ಜನ ಕೂಡಿದರು. ಇವರು ಒಂದೊಂದೇ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಹದಿನೈದೋ ಹದಿನಾರೋ ವರ್ಷ ಕಳೆದಿದೆ. ರಾಜ ಸತ್ತಿದ್ದಾನೆ. ಮಗ ಪಟ್ಟಕ್ಕೆ ಬಂದು ತಾಯಿಯನ್ನು ಬಿಡಿಸಿದ್ದಾನೆ. ಮುದುಕಿಯಾದ ರಾಣಿ ಹೊರಗೆ ಬಂದವಳೇ, ನಾಡಿನ ಸೆರೆಮನೆಗಳಲ್ಲಿ ಇದ್ದವರನ್ನೆಲ್ಲ ಬಿಟ್ಟುಬಿಡಿ ಅಂತ ಅಪ್ಪಣೆ ಮಾಡಿದಳಂತೆ. ಒಳಗಿದ್ದು ಬಂದವಳಿಗೆ ತಾನೇ ಒಳಗಿನ ಕಷ್ಟ ಗೊತ್ತು! ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಬಾಗಿಲ ಹಿಂದೆ ನಿಂತ ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಹಾಳೆಯ ಕೊನೆಗೆ ಬಂದಾಗ ಇವರ ದನಿ ನಿಂತಿತು. ಕತೆ ಮತ್ತೆ ಹಿಂದಕ್ಕೆ ಹೋಗಿ, ರಾಜ ಸತ್ತ ಸುದ್ದಿ ಕೋಟೆಗೆ ಬಂದಾಗ ರಾಣಿ ಏನು ಮಾಡಿದಳು ಅನ್ನುವ ಕಡೆಗೇ ಕಾಗದ ಹರಿದುಹೋಗಿತ್ತು.

"ಇನ್ನೇನು ಮಾಡ್ತಾಳ? ನಕ್ಕಿರ್ತಾಳ!" ಎಂದರು ಹರಪನಹಳ್ಳಿಯ ಯಜಮಾನರು. "ಅಷ್ಟು ವರ್ಷ ಸೆರಿಯಾಗ ಇಟ್ಟಾತ ಸತ್ತ ಅಂದ್ರ ಊರಿಗೆಲ್ಲ ಸಕ್ಕರಿ ಹಂಚಿರ್ತಾಳ!"

ಎಲ್ಲರೂ ಹೌದು ಹೌದು ಅಂದರು. ನಮ್ಮವರು ಮಾತ್ರ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಕದ ಹಾಕಿ ಉಣ್ಣಲು ಬಂದು ಕೂತರು. ತಟ್ಟೆಯ ಮುಂದೆ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡು ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ನಗಲಿಲ್ಲ ಆಕಿ" ಎಂದೆ.

"ಯಾಕಿ?"

"ಆಕಿನ. ನಿಮ್ಮ ರಾಣಿ. ಅತ್ತಿರ್ತಾಳ."

ಅವರು ನನ್ನ ಮುಖ ನೋಡಿದರು. ಹಗ್ಗದ ಸಿಂಬೆಯನ್ನಲ್ಲ, ನೆಲವನ್ನಲ್ಲ, ನನ್ನ ಮುಖವನ್ನೇ. "ಸೆರಿಯಾಗ ಹಾಕಿದಾತನ ಸಲುವಾಗಿ ಅಳ್ತಾಳೇನು?"

"ಅಷ್ಟು ವರ್ಷ ಗ್ವಾಡಿ ನೋಡ್ಕೊಂತ ಕುಂತಾಕಿ, ದಿನಾ ಮನಸಿನಾಗ ಅವನ ಕೂಡನ ಜಗಳ ಆಡಿರ್ತಾಳ. ಹೊರಗ ಬಂದ ಮ್ಯಾಲ ಹಿಂಗ ಅನ್ನಬೇಕು, ಹಂಗ ಅನ್ನಬೇಕು ಅಂತ ಎಷ್ಟು ಮಾತು ಕೂಡಿಟ್ಟಿದ್ಲೋ. ಒಂದೂ ಕೇಳಿಸ್ಕೊಳ್ಳದ ಹೋಗಿಬಿಟ್ನಲ್ರಿ ಅಂವ."

ನನ್ನ ದನಿ ನನಗೇ ತಿಳಿಯದೆ ಏರಿತ್ತು. ಅವರು ಹಿಡಿದ ರೊಟ್ಟಿಯನ್ನು ಸಾರಿಗೆ ಅದ್ದಿದರು. ಉಂಡು ಎದ್ದರು. ಇಷ್ಟೇ ನನ್ನ ಹಣೆಬರಹ ಅಂತ ನಾನೂ ತಟ್ಟೆ ತೆಗೆದೆ.

ಮರುದಿನ ಸಂಜೆ ಮತ್ತೆ ಕಟ್ಟೆ ತುಂಬಿತು. ಹರಪನಹಳ್ಳಿಯವರು ಊರಿಗೆ ಹೋಗದೆ ನೆಂಟರ ಮನೆಯಲ್ಲಿ ಉಳಿದು ಬಂದಿದ್ದರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ನಮ್ಮವರು ಕತೆಯನ್ನು ಮತ್ತೆ ಕೋಟೆಯಿಂದ ಎತ್ತಿಕೊಂಡು, ರಾಜ ಸತ್ತ ಸುದ್ದಿ ತಂದ ದೂತನನ್ನು ಬಾಗಿಲಲ್ಲಿ ನಿಲ್ಲಿಸಿ, "ಸುದ್ದಿ ಕೇಳಿದ ರಾಣಿ ಗ್ವಾಡಿಗೆ ಮುಖ ಮಾಡಿ ಅತ್ಲು" ಎಂದರು. ಕೂಡಿಟ್ಟ ಮಾತು, ಕೇಳಿಸಿಕೊಳ್ಳದೆ ಹೋದ ಗಂಡ, ನಾನಂದದ್ದೆಲ್ಲ ಒಂದೂ ಬಿಡದೆ ಬಂತು. 

ಹರಪನಹಳ್ಳಿಯವರು ಮುಂದಕ್ಕೆ ಬಾಗಿದರು. "ನಿನ್ನಿ ಹಾಳ್ಯಾಗ ಇದು ಇರ್ಲಿಲ್ಲಲ್ರಿ. ಇನ್ನೊಂದು ಹಾಳಿ ಸಿಕ್ತೇನು?"

"ಇಲ್ಲ. ಪುಸ್ತಕದಾಗ ಇಲ್ಲ ಇದು. ನಮ್ಮ ಮನಿಯಾಕಿ ಹೇಳ್ಯಾಳ."

"ಅವರಿಗೇನು ಗೊತ್ರಿ ಇಂಗ್ಲೆಂಡು?"

"ಇಂಗ್ಲೆಂಡು ನನಗ ಗೊತ್ತೈತಿ ಯಜಮಾನ್ರ" ಎಂದರು ನಮ್ಮವರು. "ರಾಣಿ ಏನು ಅಂಬೋದು ಆಕಿಗೆ ಗೊತ್ತೈತಿ."

ನಮ್ಮ ಬಜಾರದಲ್ಲಿ ಯಾವ ಗಂಡಸೂ ನಾಲ್ಕು ಜನರ ಎದುರು ಹೆಂಡತಿಯ ಮಾತು ಎತ್ತುವುದಿಲ್ಲ. ಎತ್ತಿದರೂ ಹೀಗೆ ಎತ್ತುವುದಿಲ್ಲ. ನಾನು ಹಿಟ್ಟಿನ ಕೈಯನ್ನು ಹಾಗೇ ಬಿಟ್ಟು ಗೋಡೆಗೆ ಒರಗಿ ನಿಂತೆ. ಇಷ್ಟು ದಿನ ಬಾಯಿಗೆ ಬಂದಂತೆ ಶಪಿಸಿದ ಆ ಹೆಂಗಸಿನ ಮೇಲೆ ನನಗೆ ಆ ಹೊತ್ತು ಎಲ್ಲಿಲ್ಲದ ಕರುಣೆ ಬಂತು. ಅವಳ ಬಗ್ಗೆ ಅವಳ ಗಂಡ ಯಾವತ್ತಾದರೂ, ಯಾರ ಎದುರಿಗಾದರೂ, ಇಂಥದೊಂದು ಮಾತು ಆಡಿದ್ದನೋ ಇಲ್ಲವೋ ಪಾಪ.