ವಾಸನೆ ಹೋದ ಅಂಗಿ

ಅಕ್ಕ ಅಂಗಿಯನ್ನು ತೊಳೆದುಬಿಟ್ಟಿದ್ದಳು. ಬರೀ ತೊಳೆದದ್ದಲ್ಲ, ಬಿಸಿನೀರಿನಲ್ಲಿ ನೆನೆಸಿ, ಕಾಲರ್ ತಿಕ್ಕಿ, ಒಣಗಿಸಿ, ಇಸ್ತ್ರಿ ಮಾಡಿ, ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ಕುರ್ಚಿಯ ಬೆನ್ನಿಗೆ ಕೂರಿಸಿದ್ದಳು.

"ಅಕ್ಕಾ, ಅದರಲ್ಲಿ ನನ್ನ ವಾಸನೆ ಇತ್ತು!"

"ಇತ್ತು ಅಂತಲೇ ತೊಳೆದೆ. ವಾರವೆಲ್ಲ ಒಂದೇ ಅಂಗಿ ಹಾಕ್ಕೊಂಡು ತಿರುಗ್ತೀಯಲ್ಲೋ, ನೋಡಿದೋರು ನನಗೆ ತಾನೇ ಅನ್ನೋದು?"

ತಲೆಯ ಮೇಲೆ ಕೈ ಹೊತ್ತು ಕೂತ ತಮ್ಮ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕಸುಬು. ಮಾತು ಕಡಿಮೆ. ಎಲ್ಲರಿಗೂ ಅವನು ಬೈಂಡರ್. ವಾರವಿಡೀ ಕಾಗದ ಹರಿಯದಂತೆ ನೋಡಿಕೊಳ್ಳುವ ಈ ಮನುಷ್ಯ ಭಾನುವಾರ ಬಂತೆಂದರೆ ಉಳಿದ ರಟ್ಟು, ಡಬ್ಬಗಳನ್ನೆಲ್ಲ ಹೊತ್ತು ಬೀದಿ ಕೊನೆಯ ನಾಯಿಗಳ ಆಶ್ರಯಧಾಮಕ್ಕೆ ಹೋಗುತ್ತಿದ್ದ. ಅಲ್ಲಿ ನಾಯಿಗಳು ಅವನ್ನು ಚಿಂದಿ ಮಾಡುವುದನ್ನು ನೋಡುವುದೇ ಅವನ ಸುಖ.

"ಅನ್ನ ಹಾಕಿದರೆ ಹೊಟ್ಟೆ ತುಂಬತ್ತೆ, ಆದರೆ ಗೂಡಲ್ಲಿರೋ ನಾಯಿಯ ತಲೆಗೂ ಏನಾದರೂ ಬೇಕಲ್ಲ" ಎನ್ನುವುದು ಅಲ್ಲಿನ ಮೇಡಂ ಮಾತು. ಅದಕ್ಕೇ ಹರಿಯಲು ಡಬ್ಬ, ಹುಡುಕಲು ಟವೆಲಿನೊಳಗೆ ಸುತ್ತಿಟ್ಟ ತಿಂಡಿ, ಮೂಸಲು ಬಗೆಬಗೆಯ ಬಟ್ಟೆ.

ಇದೆಲ್ಲ ಬೇಡವಾಗಿದ್ದದ್ದು ಒಂದಕ್ಕೆ ಮಾತ್ರ. ವಯಸ್ಸಾದ ಕಂದು ನಾಯಿ, ಸದಾ ಗೋಡೆಗೆ ಮುಖ ಮಾಡಿಕೊಂಡು ಕೂತಿರುತ್ತಿತ್ತು. ಹೆಸರು ಮೂಲೆರಾಯ. ಬೈಂಡರನ ಮನಸ್ಸು ಅದರ ಮೇಲೆಯೇ ನಿಂತಿತ್ತು. ಇಬ್ಬರೂ ಗಂಟೆಗಟ್ಟಲೆ ಮಾತಿಲ್ಲದೆ ಒಂದೇ ಗೋಡೆ ನೋಡುತ್ತಿದ್ದರು.

"ಜಾಗ ಸಾಲ್ತಿಲ್ಲ. ಬರೋ ಭಾನುವಾರ ಕಳೆದ ಮೇಲೆ ಅದನ್ನ ದೂರದ ದೊಡ್ಡ ಧಾಮಕ್ಕೆ ಕಳಿಸ್ತಾರೆ" ಎಂದಿದ್ದರು ಹೋದ ವಾರ ಮೇಡಂ. "ನೀವು ವಾರವೆಲ್ಲ ಹಾಕಿದ ಅಂಗಿ ತನ್ನಿ. ತಿಂಡಿ ಸುತ್ತಿ ಕೊಡೋಣ. ಭಾನುವಾರ ಅದು ಎದ್ದು ನಿಮ್ಮ ಹತ್ರ ಬಂದರೆ ಮನೆಗೆ ಕರ್ಕೊಂಡು ಹೋಗಿ."

ಇಂದೇ ಆ ಭಾನುವಾರ. ಆ ಅಂಗಿ ಈಗ ಸೋಪಿನ ಅಂಗಡಿಯಂತೆ ಘಮಘಮಿಸುತ್ತಿತ್ತು.

ಗಲಾಟೆ ಕೇಳಿ ಪಕ್ಕದ ಮನೆಯ ವ್ಯಾಯಾಮದ ಮೇಷ್ಟ್ರು ಕರೆಯದೇ ಬಂದರು. "ಇಷ್ಟೇ ತಾನೆ? ಬೆವರು ನಮ್ಮ ಖಾತೆ. ಹಾಕಿ ಅಂಗಿ, ಹೊಡೀರಿ ಬಸ್ಕಿ!"

ಬೈಂಡರ್ ಬಸ್ಕಿ ಹೊಡೆದ. ಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟಿತೇ ಹೊರತು ಬೆವರು ಮಾತ್ರ ಬರಲಿಲ್ಲ.

"ಏನ್ರೀ ಇದು, ಒಣ ಕಟ್ಟಿಗೆ! ಕೊಡಿ ಇಲ್ಲಿ" ಎಂದು ಮೇಷ್ಟ್ರು ತಾವೇ ಅಂಗಿ ತೊಟ್ಟು ಬೆವರಿಳಿಸತೊಡಗಿದರು. ಬೈಂಡರ್ ಬೇಡಿಕೊಂಡು ಕಸಿದುಕೊಳ್ಳುವಷ್ಟರಲ್ಲಿ ಅಂಗಿ ತೊಪ್ಪೆಯಾಗಿತ್ತು. "ಒದ್ದೆ ಅಂಗಿ ಹಾಕ್ಕೊಂಡ್ರೆ ನೆಗಡಿ ಆಗತ್ತೆ" ಎಂದು ಅಕ್ಕ ಅದನ್ನು ಬಾಲ್ಕನಿಯ ಕಂಬಿಗೆ ಹಾಕಿದಳು. ಗಾಳಿ ಬೀಸಿತು. ಅಂಗಿ ಹಾರಿ ಕೆಳಮನೆಯ ಅಂಗಳಕ್ಕೆ ಬಿತ್ತು.

ಕೆಳಗೆ ಇದ್ದವರು ಮನೆಯ ಮಾಲೀಕರು. ಒಂಟಿ ಜೀವ. ಅವರ ಚಪ್ಪಲಿಯ ಸದ್ದು ಕೇಳಿದರೆ ಬೀದಿಯ ಕಿಟಕಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. "ನಾಲ್ಕು ಕಾಲಿನದು ಅಂದರೆ ಮೇಜು ಕುರ್ಚಿ ಮಾತ್ರ ಈ ಮನೆಯೊಳಗೆ ಬರಬಹುದು" ಎಂದು ಮೊದಲ ದಿನವೇ ಹೇಳಿದ್ದವರು. ಬೈಂಡರ್ ನಾಯಿಯ ವಿಷಯ ಅವರಿಗೆ ಇನ್ನೂ ತಿಳಿಸಿರಲಿಲ್ಲ. ತಂದ ಮೇಲೆ ಕಾಲು ಹಿಡಿಯೋಣ ಎಂದುಕೊಂಡಿದ್ದ.

ಮೂವರೂ ಬಗ್ಗಿ ನೋಡುತ್ತಿದ್ದಂತೆ ಮಾಲೀಕರು ಬಂದರು, ಅಂಗಿಯನ್ನು ಎತ್ತಿ ಹಿಂದೆಮುಂದೆ ನೋಡಿದರು, ಒಳ್ಳೆಯ ಬಟ್ಟೆ ಎನಿಸಿತೇನೋ, ಮಡಿಸಿ ಬೆತ್ತದ ಕುರ್ಚಿಯ ಮೇಲೆ ಹಾಸಿ, ಅದರ ಮೇಲೆ ಕೂತು ಗೊರಕೆ ಹೊಡೆಯತೊಡಗಿದರು.

ಮಧ್ಯಾಹ್ನ ಕಳೆಯಿತು. ಗೊರಕೆ ನಿಲ್ಲಲಿಲ್ಲ.

"ಹೋಗಿ ಕೇಳೋಣ" ಎಂದ ಬೈಂಡರ್.

"ಕೇಳಿದರೆ ಯಾಕೆ ಏನು ಅಂತ ಎಲ್ಲ ಹೇಳಬೇಕಾಗತ್ತೆ" ಎಂದರು ಮೇಷ್ಟ್ರು. "ಅಕ್ಕಾವ್ರೇ, ನಲ್ಲಿ ಸೋರ್ತಿದೆ ಅಂತ ಕೂಗಿ."

ಅಕ್ಕ ಕೂಗಿದಳು. ಬೆಂಕಿ ಬಿದ್ದಿದೆ ಎಂದಿದ್ದರೂ ಮಾಲೀಕರು ಅಷ್ಟು ಬೇಗ ಏಳುತ್ತಿರಲಿಲ್ಲ. ಅವರು ಮೆಟ್ಟಿಲು ಹತ್ತಿದರು. ಅತ್ತ ಮೇಷ್ಟ್ರು ಕೊಳಾಯಿಯ ಪೈಪು ಹಿಡಿದು ಇಳಿದು ಅಂಗಿ ಎತ್ತಿಕೊಂಡರು. ಬೈಂಡರ್ ಹಿಂಬಾಗಿಲಿನಿಂದ ಇಳಿದು ಅದನ್ನು ಇಸಿದುಕೊಂಡು ಓಡಿದ.

ಆಶ್ರಯಧಾಮದಲ್ಲಿ ಮೇಡಂ ಬೇಯಿಸಿದ ಕೋಳಿಯ ಚೂರುಗಳನ್ನು ಅಂಗಿಯಲ್ಲಿ ಸುತ್ತಿ ಮೂಲೆರಾಯನ ಬೆನ್ನ ಹಿಂದೆ ಇಟ್ಟರು. ಉಳಿದ ಗೂಡುಗಳಲ್ಲಿ ರಟ್ಟು ಹರಿಯುವ ಪರಪರ ಸದ್ದು. ಈ ಗೂಡಿನಲ್ಲಿ ಏನೂ ಇಲ್ಲ. ಬೈಂಡರ್ ನೆಲದ ಮೇಲೆ ಕೂತ. ಬಹಳ ಹೊತ್ತು ಕೂತ.

ಕೊನೆಗೆ ಒಂದು ಕಿವಿ ಅಲುಗಿತು. ಮೂಲೆರಾಯ ಗೋಡೆಯಿಂದ ಮುಖ ತಿರುಗಿಸಿದ. ಅಂಗಿಯೊಳಗೆ ಮೂತಿ ತೂರಿಸಿದ, ತೋಳು ಬಿಡಿಸಿದ, ಚೂರನ್ನೆಲ್ಲ ಹೆಕ್ಕಿ ತಿಂದ. ತಿಂದಾದ ಮೇಲೂ ಮೂಸುತ್ತಲೇ ಇದ್ದ. ಆಮೇಲೆ ಎದ್ದು ನಿಂತ. ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾಯಿ ಒಂದೊಂದೇ ಹೆಜ್ಜೆಯಿಟ್ಟು ಬೈಂಡರನತ್ತ ಬಂತು. ಬೈಂಡರ್ ಕೈ ಚಾಚಿದ.

"ಎಲ್ಲಿ ಆ ಕಳ್ಳರು?"

ಬಾಗಿಲಲ್ಲಿ ಮಾಲೀಕರು! ಹಿಂದೆ ಅಪರಾಧಿಯಂತೆ ಮೇಷ್ಟ್ರು, ಅವರ ಹಿಂದೆ ಅಕ್ಕ. "ಕೇಳಿದ್ರು ಕಣೋ, ನನಗೆ ಸುಳ್ಳು ಹೇಳೋಕೆ ಬರಲಿಲ್ಲ" ಎಂದಳು.

"ಕೂತ ಕುರ್ಚಿಯಿಂದ ಬಟ್ಟೆ ಎಳ್ಕೊಂಡು ಹೋಗ್ತೀರೇನ್ರೀ? ಅದೂ ನಾಯಿಗೆ ಹಾಸೋಕೆ?"

ಮೂಲೆರಾಯ ಬೈಂಡರನ ಚಾಚಿದ ಕೈಯನ್ನು ದಾಟಿ, ಮೇಷ್ಟ್ರನ್ನು ಒಂದು ಸಲ ಮೂಸಿ ಬಿಟ್ಟು, ನೇರ ಮಾಲೀಕರ ಬಳಿ ಹೋಗಿ ಅವರ ಮೊಣಕಾಲಿಗೆ ತಲೆಯೊರಗಿಸಿದ. ಬಾಲ ಎರಡು ಸಲ ಆಡಿತು.

ಮಾಲೀಕರ ಬಾಯಿ ತೆರೆದದ್ದು ತೆರೆದೇ ಇತ್ತು.

"ಇದು... ನನ್ನ ಹತ್ರ ಯಾಕೆ ಬಂತು?" ದನಿ ಅವರದ್ದೇ ಎಂದು ನಂಬುವುದು ಕಷ್ಟವಿತ್ತು. "ನನ್ನ ಕಂಡರೆ ಎಲ್ಲ ಬಾಗಿಲು ಹಾಕ್ಕೊಳ್ತಾರಲ್ರೀ."

"ಅದಕ್ಕೆ ನೀವು ಬೇಕಂತೆ" ಎಂದರು ಮೇಡಂ. "ಆದರೆ ಮನೆ ಮಾಲೀಕರು ಒಪ್ಪಬೇಕು."

"ನಾನೇ ಮಾಲೀಕ!" ಎಂದು ಗದರಿದ ಅವರು, ನಾಯಿ ಬೆಚ್ಚೀತೆಂದು ತಕ್ಷಣ ದನಿ ತಗ್ಗಿಸಿದರು. "ಒಪ್ಪಿದೆ."

ಆಟೋದಲ್ಲಿ ಮಾಲೀಕರು, ಮೂಲೆರಾಯ, ಅಕ್ಕ, ಮೇಷ್ಟ್ರು ಕೂತ ಮೇಲೆ ಬೈಂಡರನಿಗೆ ಜಾಗವಿರಲಿಲ್ಲ. ಅವನು ನಡೆದೇ ಬಂದ. ದಾರಿಯುದ್ದಕ್ಕೂ ಅಳು ಬರುತ್ತದೇನೋ ಎಂದು ಕಾದ. ಬರಲಿಲ್ಲ. ಆ ಕಂದು ಬೆನ್ನು ಇನ್ನು ಗೂಡಿನಲ್ಲಿ ಕಾಣಸಿಗದು ಎಂದು ನೆನೆದಾಗ ಎದೆ ಹಗುರಾಯಿತು. ಯಾರಿಗೆಂದು ತಿಳಿಯದೆ ಮನಸ್ಸಿನಲ್ಲೇ ಕೈಮುಗಿದ.

ಗೇಟಿನ ಬಳಿ ಮಾಲೀಕರು ಬೆರಳನ್ನು ತುಟಿಗಿಟ್ಟು ನಿಂತಿದ್ದರು. "ಶ್! ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹತ್ತಿ. ಮಲಗಿದೆ."

"ಸಾರ್, ದಿನಾ ಬೆಳಿಗ್ಗೆ ನಾನು ಸ್ವಲ್ಪ ಸುತ್ತಾಡಿಸಿ..."

"ಬೇಡ. ಅದಕ್ಕೆ ಹೊಸಬರಂದ್ರೆ ಆಗಲ್ಲ."

ಬೈಂಡರ್ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಿನಲ್ಲಿ ಮೆಟ್ಟಿಲು ಹತ್ತಿದ. ಅರ್ಧಕ್ಕೆ ಬಂದಾಗ ಕೆಳಗಿನಿಂದ ಮಾಲೀಕರ ಪಿಸುಮಾತು ಕೇಳಿಸಿತು:

"ಮೇಲಿನ ಮನೆಯೋರು ಒಳ್ಳೆಯೋರೇ ಕಣೋ ರಾಯ. ಸ್ವಲ್ಪ ಕಳ್ಳರು, ಅಷ್ಟೆ."