ಟೀವಿ ಮುಂದಿನ ಊಟ

ಚರಿತ್ರೆ ಓದಿ ಏನು ಲಾಭ ಎಂದು ಕೇಳುವವರು ಅದನ್ನು ನನ್ನಷ್ಟು ಸ್ವಾರ್ಥದಿಂದ ಓದಿಲ್ಲ. ಹದಿನೈದು ವರ್ಷದ ನನ್ನ ಸುದೀರ್ಘ ಜೀವನದಲ್ಲಿ ಎರಡೆರಡು ಸಲ ಓದಿದ ಪಾಠ ಒಂದೇ: ಎರಡನೇ ಮಹಾಯುದ್ಧದ ನಂತರ ಅಮೆರಿಕದ ಜನಜೀವನ. ಯುದ್ಧ ಮುಗಿದದ್ದೇ ತಡ, ಮನೆಮನೆಗೆ ಫ್ರಿಜ್ ಬಂತಂತೆ, ಟೀವಿ ಬಂತಂತೆ, ನನ್ನಂಥವರಿಗೆ ಟೀನೇಜರ್ ಎಂಬ ಪದವಿ ಬಂತಂತೆ. ಇದೆಲ್ಲ ಇರಲಿ. ಅಂಗಡಿಯಿಂದ ತಂದ ಸಿದ್ಧ ಊಟವನ್ನು ಬಿಸಿ ಮಾಡಿ, ತೊಡೆಯ ಮೇಲಿಟ್ಟುಕೊಂಡು, ಇಡೀ ಕುಟುಂಬ ತುಟಿ ಪಿಟಕ್ಕೆನ್ನದೆ ಟೀವಿ ನೋಡುತ್ತ ಉಣ್ಣತೊಡಗಿತಂತೆ! ಆ ಸಾಲು ಓದಿ ನನ್ನ ಕಣ್ಣು ತುಂಬಿ ಬಂತು.

ಯಾಕೆಂದರೆ ಕುವೈತಿನ ನಮ್ಮ ಫ್ಲ್ಯಾಟಿನಲ್ಲಿ ಊಟವೆಂದರೆ ಕೋರ್ಟು. ಮೀನಾ ಅಲ್ ಅಹ್ಮದಿ ಬಂದರಿನ ತೈಲ ರಿಫೈನರಿಯಲ್ಲಿ ದಿನವಿಡೀ ಪ್ರೆಶರ್ ಗೇಜು ನೋಡುವ ಅಪ್ಪ, ಸಂಜೆ ಚಾಪೆಯ ಮೇಲೆ ಕೂತು ನನ್ನ ಮುಖವನ್ನೂ ಹಾಗೆಯೇ ನೋಡುತ್ತಾರೆ. ಒಳಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿರುತ್ತಾಳೆ. ನಾವು ಗೋಡೆ ಒಡೆಯುತ್ತಿದ್ದೇವೆಂದು ಕೆಳಗಿನ ಮನೆಯವರು ಒಮ್ಮೆ ಕಟ್ಟಡದ ಕಾವಲುಗಾರನನ್ನೇ ಕಳಿಸಿದ್ದರು. ಆ ಸದ್ದನ್ನೂ ಮೀರಿ ಅಪ್ಪನ ಪ್ರಶ್ನೆ ಬರುತ್ತದೆ: "ಮ್ಯಾಥ್ಸ್ ಪೇಪರ್ ಕೊಟ್ರೇನಲೇ?"

ಕೊಟ್ಟಿದ್ದರು, ನಾನು ಇನ್ನೂ ಇಲ್ಲವೆನ್ನುತ್ತಿದ್ದೆ. ನನ್ನ ಅಂಕಕ್ಕೂ ಕುವೈತಿನ ಜನವರಿ ಬೆಳಗಿನ ತಾಪಮಾನಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ; ಎರಡೂ ಒಂದಂಕಿ. ಆದ್ದರಿಂದ ಅಮೆರಿಕವನ್ನು ಆದಷ್ಟು ಬೇಗ ಮನೆಗೆ ತರಬೇಕಿತ್ತು.

"ಅವ್ವಾ, ಯುದ್ಧ ಆದ ಮ್ಯಾಲೆ ಅಮೆರಿಕದಾಗ ಹೆಣ್ಮಕ್ಕಳು ರಾತ್ರಿ ಅಡಗಿ ಮಾಡೂದ ಬಿಟ್ರಂತ," ಎಂದೆ. ಪಾಠಕ್ಕೆ ಸ್ವಲ್ಪ ಒಗ್ಗರಣೆ ಹಾಕಿದ್ದೆ. "ಸೂಪರ್‌ಮಾರ್ಕೆಟ್‌ನಿಂದ ತರೂದು, ಬಿಸಿ ಮಾಡೂದು, ಟೀವಿ ಮುಂದ ಕೂಡೂದು. ಖಲಾಸ್!"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ರೀ, ಕೇಳಿದ್ರೇನ? ಇಲ್ಲೂ ಯುದ್ಧ ಮುಗದು ಎಷ್ಟೋ ವರ್ಷ ಆತು. ನನಗ ಯಾರೂ ಹೇಳಲೇ ಇಲ್ಲಲ್ರೀ!"

"ರೊಟ್ಟಿ ಇಲ್ದ ನಾ ಹೆಂಗ ಉಣ್ಲಿ?" ಅಪ್ಪ ಗಾಬರಿಯಾದರು.

"ಅಮೆರಿಕದ ಗಂಡಸರು ಉಂಡಂಗ."

ಮರುದಿನವೇ ಸೋಫಾ, ಟೀವಿ, ಫ್ರೀಜರಿನಿಂದ ಎದ್ದುಬಂದ ಮ್ಯಾಕರೋನಿ. "ಇದು ಊಟ ಏನ, ಪೈಪಿನ ರಬ್ಬರ್ ಗ್ಯಾಸ್ಕೆಟ್ಟೋ?" ಎಂದ ಅಪ್ಪ ಮುಂದೆ ಮಾತಾಡಲಿಲ್ಲ, ಅಗಿಯುವುದರಲ್ಲೇ ಅವರ ಶಕ್ತಿಯೆಲ್ಲ ಖರ್ಚಾಗುತ್ತಿತ್ತು. ನಾನು ಗೆದ್ದಿದ್ದೆ.

ಆಗ ಅವ್ವ ಬಂದು ನನ್ನ ಪಕ್ಕ ಕೂತಳು. ನಾವು ಉಣ್ಣುವಾಗ ಅವಳು ಕೂತದ್ದನ್ನು ನಾನು ನೋಡಿರಲೇ ಇಲ್ಲ.

"ಕೈ ಖಾಲಿ ಆಗ್ಯಾವ. ಏನ್ ಮಾಡ್ಲಿ ಈಗ?"

"ರಿಲ್ಯಾಕ್ಸ್ ಮಾಡವ್ವಾ," ಎಂದೆ ಉದಾರವಾಗಿ.

"ಅದೆಲ್ಲ ಬ್ಯಾಡ. ನಿನ್ನ ಮ್ಯಾಥ್ಸ್ ಪುಸ್ತಕ ತಾ. ಮದುವಿಕಿಂತ ಮೊದಲ ನಾ ಧಾರವಾಡದಾಗ ಹೈಸ್ಕೂಲಿಗೆ ಗಣಿತ ಕಲಸ್ತಿದ್ದೆ. ನಿಮ್ಮಪ್ಪ ಹೇಳಿಲ್ಲೇನ?"

ಅಪ್ಪನ ಮುಖ ಮ್ಯಾಕರೋನಿಯ ನಡುವೆಯೂ ಅರಳಿತು. "ನನ್ನ ತಮ್ಮನಂಥ ದಡ್ಡನ್ನೂ ಪಾಸ್ ಮಾಡಿಸ್ಯಾಳಲೇ ಅಕಿ!"

ನಾನು ಎರಡು ಲೆಕ್ಕ ಮಾಡುವುದನ್ನು ಅವ್ವ ಸುಮ್ಮನೆ ನೋಡಿದಳು. ಆಮೇಲೆ ತಣ್ಣಗೆ ಕೇಳಿದಳು: "ಪೇಪರ್ ಯಾವಾಗ ಕೊಟ್ರು?"

ಅಪ್ಪನನ್ನು ತಿಂಗಳುಗಟ್ಟಲೆ ಆಟ ಆಡಿಸಿದವನು ನಾನು. ಅವ್ವನ ಮುಂದೆ ಒಂದು ನಿಮಿಷವೂ ನಿಲ್ಲಲಾಗದೆ ಪೇಪರ್ ತಂದು ಕೊಟ್ಟೆ.

ಅಂದಿನಿಂದ ಟೀವಿ ಬಂದ್, ಮ್ಯಾಕರೋನಿ ಚಾಲೂ, ಜೊತೆಗೆ ದಿನಾ ರಾತ್ರಿ ಅವ್ವನ ಗಣಿತ ಪಾಠ. ಚೆನ್ನಾಗಿ ಅಂಕ ತೆಗೆದರೆ ಬಿಡುಗಡೆ ಸಿಕ್ಕೀತೆಂದು, ಹುಟ್ಟಿದ ಮೇಲೆ ಮೊದಲ ಸಲ ಪ್ರಾಮಾಣಿಕವಾಗಿ ಓದಿ ಮುಂದಿನ ಟೆಸ್ಟಿನಲ್ಲಿ ತರಗತಿಗೇ ಮೂರನೆಯವನಾದೆ. ಪೇಪರನ್ನು ನಾನೇ ಹೆಮ್ಮೆಯಿಂದ ಅವ್ವನ ಕೈಗಿಟ್ಟೆ. ಅವಳು ಹಿಗ್ಗಿಹೋಗಿ ಅಪ್ಪನಿಗೆ ಹೇಳಿದಳು:

"ಅಮೆರಿಕದವರ ಪದ್ಧತಿ ಭಾಳ ಚಲೋ ಐತ್ರಿ. ನಾಳಿಂದ ಫಿಸಿಕ್ಸೂ ಸುರು ಮಾಡೂಣು."